ಕುಂಡದಲ್ಲಿ ಪೊದೆ ಸಾಲ್ವಿಯಾ: ಮಳೆಗಾಲ ದಾಟಿಸಲು ಕಲಿತದ್ದು

ಮೊದಲನೇ ಗಿಡ ಸತ್ತಿದ್ದು ಆಗಸ್ಟಿನಲ್ಲಿ, ಎರಡನೆಯದು ಮರುವರ್ಷ ಸೆಪ್ಟೆಂಬರಿನಲ್ಲಿ. ಎರಡು ಸಲವೂ ಆದದ್ದು ಒಂದೇ. ಬೆಳಿಗ್ಗೆ ತಾರಸಿಗೆ ಹೋದರೆ ಗಿಡ ಜೋತು ಬಿದ್ದಿರುತ್ತಿತ್ತು. ನೀರು ಸಾಲಲಿಲ್ಲವೇನೋ ಎಂದು ಒಂದು ಚೊಂಬು ಹಾಕುತ್ತಿದ್ದೆ, ಸಂಜೆಗೆ ಇನ್ನಷ್ಟು ಬಾಡುತ್ತಿತ್ತು. ನಾಲ್ಕನೇ ದಿನಕ್ಕೆ ಬುಡ ಕಪ್ಪಾಯಿತು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಬೆರಳಿಗೇ ಕಳಚಿ ಬಂತು. ಬಾಯಾರಿದೆ ಎಂದುಕೊಂಡ ಗಿಡದ ಬೇರನ್ನು ನಾನೇ ನೀರಿನಲ್ಲಿ ಕೊಳೆಸಿದ್ದೆ. ಗಿಡ ಮಾರಿದವರು "ದಿನಾ ನೀರು ಹಾಕಿ, ಏನೂ ಆಗಲ್ಲ" ಎಂದಿದ್ದರು. ನಾನು ಅದನ್ನು ತಪ್ಪದೆ ಪಾಲಿಸಿದ್ದೆ.

ಬೆಂಗಳೂರಿನಲ್ಲಿ ಸಾಲ್ವಿಯಾ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಪಾತಿಗಳಲ್ಲಿ ಸಾಲಾಗಿ ನಿಲ್ಲುವ ಕಡುಗೆಂಪು ಹೂವಿನ ಗಿಡ. ಬ್ರೆಜಿಲ್ ಮೂಲದ ಅದನ್ನು ನಾವು ಒಂದು ಹಂಗಾಮು ಬೆಳೆಸಿ ಕಿತ್ತುಬಿಡುತ್ತೇವೆ. ನಾನು ಹೇಳುತ್ತಿರುವುದು ಪೊದೆಯಾಗಿ ಬೆಳೆದು, ಕಾಂಡ ಬಲಿತು, ವರ್ಷಗಟ್ಟಲೆ ಉಳಿಯುವ ಬಗೆಗಳ ವಿಷಯ. ನನ್ನ ಬಳಿ ಈಗ ಮೂರಿವೆ. ನೇರಳೆ ಮಖಮಲ್ಲಿನಂಥ ತೆನೆಯ ಲ್ಯೂಕಾಂತಾ, ಕೆಂಪು ಬಿಳಿ ಹೂವಿನ 'ಹಾಟ್ ಲಿಪ್ಸ್' ಎಂಬ ಮೈಕ್ರೋಫಿಲ್ಲಾ ತಳಿ, ಕಡುನೀಲಿ ಹೂವಿನ ಗ್ವಾರಾನಿಟಿಕಾ. ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬವೇ ಇವುಗಳದ್ದೂ. ಎಳೆ ದಂಟನ್ನು ಎರಡು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಏಣು ಕೈಗೆ ತಗಲುತ್ತದೆ. ಮೈಸೂರು, ಚಾಮರಾಜನಗರದ ಕಡೆ ರೈತರು ಬೆಳೆಯುವ ಚಿಯಾ ಕೂಡ ಒಂದು ಸಾಲ್ವಿಯಾವೇ.

ಎರಡನೇ ಗಿಡ ಹೋದ ಮೇಲೆ ಇದು ನಮ್ಮ ಹವೆಗೆ ಹೊಂದುವುದಿಲ್ಲ ಎಂದು ಕೈಬಿಟ್ಟಿದ್ದೆ. ಆ ಡಿಸೆಂಬರಿನಲ್ಲಿ ಮಡಿಕೇರಿಯ ಅತ್ತೆ ಮನೆಗೆ ಹೋದಾಗ ನೋಡುತ್ತೇನೆ, ಹಿತ್ತಲ ಬರೆಯ, ಅಂದರೆ ಇಳಿಜಾರು ದಿಬ್ಬದ, ಮೇಲೆ ಅದೇ ಲ್ಯೂಕಾಂತಾ ಎದೆಮಟ್ಟ ಬೆಳೆದು, ಉದ್ದಕ್ಕೂ ನೇರಳೆ ತೆನೆ ಬಿಟ್ಟು ನಿಂತಿದೆ. ಬೆಂಗಳೂರಿನ ಮೂರು ಪಟ್ಟು ಮಳೆ ಸುರಿಯುವ ಊರಿನಲ್ಲಿ! ನನ್ನ ಗಿಡ ಮಳೆಗೆ ಸತ್ತಿತೆಂದರೆ ಇದು ಬದುಕಿದ್ದು ಹೇಗೆ? ಅತ್ತೆಯನ್ನು ಕೇಳಿದೆ.

"ಬರೆ ಮೇಲೆ ನೀರು ಎಲ್ಲಿ ನಿಲ್ತದೆ ಮಗಾ, ಬಿದ್ದದ್ದು ಬಿದ್ದ ಹಾಗೇ ಇಳಿದು ಹೋಗ್ತದೆ. ಬುಡದಲ್ಲಿ ನೀರು ನಿಂತರೆ ಕಾಳುಮೆಣಸೇ ಸಾಯ್ತದೆ, ಇದು ಉಳೀತದಾ?" ಎಂದರು.

ಆ ಒಂದು ಮಾತಿನ ಮೇಲೆ ನನ್ನ ಕುಂಡಗಳೆಲ್ಲ ಬದಲಾದವು. ಅತ್ತೆ ಮುರಿದುಕೊಟ್ಟ ಆರು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ನನ್ನ ಇಂದಿನ ಲ್ಯೂಕಾಂತಾಗಳೆಲ್ಲ ಅವುಗಳ ಸಂತಾನ.

ಮೊದಲು ನಾನು ಬಳಸುತ್ತಿದ್ದದ್ದು ಕೆಂಪು ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್. ಬೇಸಿಗೆಯಲ್ಲಿ ಒಳ್ಳೆಯ ಮಿಶ್ರಣವೇ. ಮಳೆಗಾಲದಲ್ಲಿ ಮಾತ್ರ ಕೊಕೊಪೀಟ್ ನೀರು ಹಿಡಿದುಕೊಂಡು ವಾರಗಟ್ಟಲೆ ಬಿಡುವುದಿಲ್ಲ. ಈಗ ಎರಡು ಪಾಲು ಕೆಂಪು ಮಣ್ಣಿಗೆ ಎರಡು ಪಾಲು ದಪ್ಪ ಮರಳು ಮತ್ತು ಸಣ್ಣ ಜಲ್ಲಿ, ಒಂದೇ ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟ್ ಬಿಟ್ಟೇಬಿಟ್ಟೆ. ಹದ ನೋಡುವುದು ಸುಲಭ. ತುಂಬಿದ ಕುಂಡಕ್ಕೆ ಒಂದು ಚೊಂಬು ನೀರು ಹೊಯ್ದರೆ ನಿಮಿಷದೊಳಗೆ ತಳದಿಂದ ಸುರಿಯಲು ಶುರುವಾಗಬೇಕು. ಮೇಲೆಯೇ ಕೆರೆಯಂತೆ ನಿಂತರೆ ಮತ್ತೆ ಮರಳು ಸೇರಿಸುತ್ತೇನೆ. ಕುಂಡ 12 ಇಂಚಿನ ಮಣ್ಣಿನದು. ಅದರ ಮೈಯಿಂದಲೂ ತೇವ ಆರುತ್ತದೆ. ಜೂನ್ ಬಂತೆಂದರೆ ಪ್ರತಿ ಕುಂಡದ ಕೆಳಗೆ ಮೂರು ಇಟ್ಟಿಗೆ ಚೂರು ಇಟ್ಟು ಎತ್ತರಿಸುತ್ತೇನೆ. ತಟ್ಟೆಗಳನ್ನು ತೆಗೆದು ಒಳಗಿಡುತ್ತೇನೆ, ದೀಪಾವಳಿ ಕಳೆಯುವ ತನಕ ಅವು ಹೊರಗೆ ಬರುವುದಿಲ್ಲ.

ಮೂರೂ ಒಂದೇ ಹೆಸರಿನವಾದರೂ ಎಲ್ಲದರ ತವರು ಒಂದೇ ಅಲ್ಲ. ಮೈಕ್ರೋಫಿಲ್ಲಾ ಮೆಕ್ಸಿಕೋದ ಗುಡ್ಡಗಾಡಿನದು, ಎಲೆ ಚಿಕ್ಕದು, ನೀರಿನ ಹಸಿವು ಕಡಿಮೆ. ಇದಕ್ಕೆ ಜಲ್ಲಿ ಇನ್ನಷ್ಟು ಹೆಚ್ಚಿಸುತ್ತೇನೆ, ದಿನವಿಡೀ ಬಿಸಿಲು ಬೀಳುವ ಕಡೆ ಇಡುತ್ತೇನೆ. ಗ್ವಾರಾನಿಟಿಕಾ ದಕ್ಷಿಣ ಅಮೆರಿಕದ್ದು, ಅಗಲ ಎಲೆಯದು. ಅದು ಗೊಬ್ಬರವನ್ನೂ ತೇವವನ್ನೂ ಚೆನ್ನಾಗಿಯೇ ಬಯಸುತ್ತದೆ, ಏಪ್ರಿಲಿನ ನಡುಹಗಲ ಬಿಸಿಲಿಗೆ ಮಾತ್ರ ಎಲೆ ತೂಗಿಬಿಡುತ್ತದೆ. ಹಾಗಾಗಿ ನುಗ್ಗೆಮರದ ಮಧ್ಯಾಹ್ನದ ನೆರಳು ಬೀಳುವ ಮೂಲೆಯನ್ನು ಅದಕ್ಕೆ ಬಿಟ್ಟಿದ್ದೇನೆ. ಕುಂಡ ಬದಲಿಸುವಾಗ ಅದರ ಬೇರಿನಲ್ಲಿ ಗೆಡ್ಡೆಯಂಥ ಗಂಟುಗಳು ಸಿಗುತ್ತವೆ. ಮೊದಲ ಸಲ ಅದನ್ನು ರೋಗವೆಂದು ಕತ್ತರಿಸಿ ಎಸೆದಿದ್ದೆ. ನೀವು ಹಾಗೆ ಮಾಡಬೇಡಿ. ಅದು ಗಿಡದ ಉಗ್ರಾಣ.

ಲ್ಯೂಕಾಂತಾದ ಹೂವಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದಕ್ಕಾಗಿಯೇ ಇಷ್ಟೆಲ್ಲ ಪಾಡು. ನಾವು ತಿಂಗಳುಗಟ್ಟಲೆ ನೋಡುವ ಆ ನೇರಳೆ ಬಣ್ಣ ಹೂವಿನದಲ್ಲ, ಹೂವಿನ ಹೊರಗವಚದ್ದು. ನಿಜವಾದ ಹೂವು ಅದರೊಳಗಿಂದ ಇಣುಕುವ ಪುಟ್ಟ ಬಿಳಿ ನಾಲಗೆ. ಅದು ಬೇಗ ಉದುರುತ್ತದೆ, ಕವಚ ಉಳಿಯುತ್ತದೆ. ಹಗಲು ಚಿಕ್ಕದಾಗುತ್ತ ಬಂದ ಹಾಗೆ ಈ ಗಿಡ ಮೊಗ್ಗು ಕಟ್ಟುತ್ತದೆ. ನನ್ನಲ್ಲಿ ಅಕ್ಟೋಬರಿನಲ್ಲಿ ತೆನೆ ಕಾಣಿಸಿ ಜನವರಿ ಕೊನೆಯವರೆಗೂ ಇರುತ್ತದೆ. ಒಂದು ವರ್ಷ ರಸ್ತೆ ಬದಿಯ ಗೋಡೆಯ ಪಕ್ಕ ಇಟ್ಟ ಎರಡು ಕುಂಡಗಳು ಮಾತ್ರ ಎಲೆ ಬಿಡುತ್ತಲೇ ಇದ್ದವು, ಹೂವಿನ ಸುಳಿವಿಲ್ಲ. ಗೊಬ್ಬರ ಹೆಚ್ಚಾಯಿತೇ ಎಂದು ಯೋಚಿಸಿದೆ, ಬಿಸಿಲು ಲೆಕ್ಕ ಹಾಕಿದೆ. ಕೊನೆಗೆ ಒಂದು ರಾತ್ರಿ ಒಗೆದ ಬಟ್ಟೆ ತರಲು ಹೋದಾಗ ಕಂಡಿತು. ಹೊಸದಾಗಿ ಹಾಕಿದ ಬೀದಿದೀಪದ ಬೆಳಕು ನೇರ ಆ ಎರಡರ ಮೇಲೆ ಬೀಳುತ್ತಿತ್ತು. ಗಿಡಕ್ಕೆ ರಾತ್ರಿಯೇ ಆಗಿರಲಿಲ್ಲ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಗಾರರು ಹೂವನ್ನು ತಡಮಾಡಲೆಂದೇ ರಾತ್ರಿ ಹೊಲದಲ್ಲಿ ಬಲ್ಬು ಉರಿಸುವುದು ಇದೇ ಕಾರಣಕ್ಕೆ. ಕುಂಡಗಳನ್ನು ನೀರಿನ ಟ್ಯಾಂಕಿನ ಹಿಂದಿನ ಕತ್ತಲಿಗೆ ಸರಿಸಿದೆ. ಆ ವರ್ಷ ಅವು ತಡವಾಗಿ, ಸಂಕ್ರಾಂತಿ ಹೊತ್ತಿಗೆ ಹೂ ತೋರಿಸಿದವು.

ಸವರುವುದಕ್ಕೆ ಹಲವರು ಹೆದರುತ್ತಾರೆ, ನಾನೂ ಹೆದರುತ್ತಿದ್ದೆ. ಹೂ ಮುಗಿದ ಲ್ಯೂಕಾಂತಾದ ಬುಡದಲ್ಲಿ ಹೊಸ ಚಿಗುರು ಇಣುಕಿದ್ದು ಕಂಡ ಮೇಲೆ, ಫೆಬ್ರವರಿಯಲ್ಲಿ, ಹಳೆಯ ದಂಟನ್ನು ಗೇಣುದ್ದ ಬಿಟ್ಟು ಕತ್ತರಿಸಿಬಿಡುತ್ತೇನೆ. ಹಾಗೆ ಮಾಡದಿದ್ದರೆ ಮುಂದಿನ ವರ್ಷ ಗಿಡ ಉದ್ದಕ್ಕೆ ಹೋಗಿ ನಡುವೆ ಬಾಯಿಬಿಟ್ಟು ಬೀಳುತ್ತದೆ. ಹಾಟ್ ಲಿಪ್ಸ್‌ಗೆ ಈ ಧೈರ್ಯ ಸಲ್ಲದು. ಎಲೆಯಿಲ್ಲದ ಬಲಿತ ಕಟ್ಟಿಗೆಯವರೆಗೆ ಕತ್ತರಿಸಿದರೆ ಅದು ಮತ್ತೆ ಚಿಗುರುವ ಖಾತ್ರಿಯಿಲ್ಲ. ಹಸಿರೆಲೆ ಇರುವ ಗೆಣ್ಣಿನ ಮೇಲೆಯೇ ಕತ್ತರಿ ಇಡಬೇಕು, ಮೂರರಲ್ಲೊಂದು ಪಾಲು ತೆಗೆದರೆ ಸಾಕು. ಎಳೆಯ ಗಿಡಗಳ ಕುಡಿಯನ್ನು ಅಂಗೈ ಎತ್ತರದಲ್ಲೊಮ್ಮೆ, ಮೊಳದುದ್ದದಲ್ಲೊಮ್ಮೆ ಚಿವುಟುತ್ತೇನೆ. ಜುಲೈ ದಾಟಿದ ಮೇಲೆ ಲ್ಯೂಕಾಂತಾ ಕುಡಿ ಮುಟ್ಟುವುದಿಲ್ಲ, ಮುಟ್ಟಿದರೆ ತೆನೆ ಹಿಂದೆ ಬೀಳುತ್ತದೆ.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಸಗಣಿ ನೀರು ಧಾರಾಳವಾಗಿ ಕೊಟ್ಟ ವರ್ಷ ನನಗೆ ಸಿಕ್ಕಿದ್ದು ದೊಡ್ಡ ಎಲೆ, ಮೆತ್ತನೆಯ ದಂಟು, ಜೊತೆಗೆ ಎಲೆಯಡಿ ತುಂಬಾ ಬಿಳಿನೊಣ. ಬಿಳಿನೊಣಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಕದಡಿ, ಸಂಜೆ ಎಲೆಯ ಕೆಳಗೆ ತಾಗುವಂತೆ ಸಿಂಪಡಿಸುತ್ತೇನೆ. ಹೂ ತುಂಬಿದಾಗ ಸಿಂಪಡಿಸುವುದಿಲ್ಲ. ಆಗ ಸೂರಕ್ಕಿಗಳ ಓಡಾಟ. ಗಂಡು ಹಕ್ಕಿ ದಂಟಿಗೆ ತೂಗುಬಿದ್ದು ನೀಲಿ ಹೂವಿನ ಕೊಳವೆಗೆ ಕೊಕ್ಕು ತೂರಿಸುವುದನ್ನು ನೋಡುತ್ತ ಕಾಫಿ ಎಷ್ಟು ಸಲ ಆರಿಹೋಗಿದೆಯೋ. ಕಪ್ಪು ದುಂಬಿಗಳೂ ಬರುತ್ತವೆ. ಅವು ಹೂವಿನ ಬಾಯಿಗೆ ಹೋಗದೆ ಬುಡದಲ್ಲಿ ಸೀಳು ಮಾಡಿ ಮಕರಂದ ಹೀರುತ್ತವೆ. ಉದುರಿದ ಹೂ ಎತ್ತಿ ನೋಡಿದರೆ ಆ ಸೀಳು ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದೊಂದು ಮಳೆಗಾಲ ಒಂದೆರಡು ಗಿಡ ಹೋಗುತ್ತವೆ. ಅದಕ್ಕೇ ಜೂನಿನ ಮೊದಲ ವಾರ ಪ್ರತಿ ಬಗೆಯದ್ದೂ ನಾಲ್ಕು ಕಡ್ಡಿ ನೆಡುತ್ತೇನೆ. ಹೂ ಬಿಡದ ಕುಡಿಯನ್ನು ನಾಲ್ಕು ಇಂಚು ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು. ಕೆಳಗಿನ ಎಲೆ ಕಿತ್ತು, ಮೇಲಿನ ದೊಡ್ಡೆಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಒದ್ದೆ ಮರಳಿನ ಲೋಟದಲ್ಲಿ ಊರಬೇಕು. ಮೇಲೆ ಒಂದು ಪ್ಲಾಸ್ಟಿಕ್ ಕವರು ಮುಚ್ಚಿ ನೆರಳಿನಲ್ಲಿಡಬೇಕು. ಲ್ಯೂಕಾಂತಾ ಎರಡು ವಾರಕ್ಕೆಲ್ಲ ಬೇರು ಬಿಡುತ್ತದೆ, ಹಾಟ್ ಲಿಪ್ಸ್‌ಗೆ ಇನ್ನೊಂದು ವಾರ. ಮೆಲ್ಲಗೆ ಎಳೆದಾಗ ಕಡ್ಡಿ ಎದುರೆಳೆದರೆ ಬೇರು ಬಂದಿದೆ ಎಂದರ್ಥ. ಮಳೆ ಮುಗಿಯುವ ತನಕ ಆ ಲೋಟಗಳು ಅಡುಗೆಮನೆಯ ಕಿಟಕಿಯಲ್ಲೇ ಇರುತ್ತವೆ. ಕಳೆದ ವರ್ಷ ಹನ್ನೆರಡರಲ್ಲಿ ಹತ್ತು ಬದುಕಿದವು. ಮೂರನ್ನು ನಾನಿಟ್ಟುಕೊಂಡು, ಉಳಿದವನ್ನು ಪಕ್ಕದ ಮನೆಯವರಿಗೂ ತಂಗಿಗೂ ಕೊಟ್ಟೆ, ಕೆಳಗಿಡಲು ಮೂರು ಮೂರು ಇಟ್ಟಿಗೆ ಚೂರುಗಳ ಸಮೇತ.