ಕಂಬಳಿ ಹೊದ್ದ ಪಿಯಾನೋ

ಶ್ರುತಿ ಮಾಡಲು ಬಂದ ಟ್ಯೂನರ್ ಪಿಯಾನೋದ ಮುಚ್ಚಳ ತೆಗೆದು ಒಳಗೆ ಇಣುಕಿ ನಕ್ಕುಬಿಟ್ಟರು. "ಇದಕ್ಕೇನಮ್ಮಾ, ನೆಗಡಿಯೇ? ಕಂಬಳಿ ಹೊದಿಸಿದ್ದೀರಿ!" ಕೀ ಒತ್ತಿದಾಗ ತಂತಿಗೆ ಬಡಿಯುವ ಸುತ್ತಿಗೆಗಳಿಗೂ ತಂತಿಗಳಿಗೂ ನಡುವೆ ಮನೆಯ ಹಳೆಯ ಕಂಬಳಿಯಿಂದ ಕತ್ತರಿಸಿದ ಉದ್ದನೆಯ ಪಟ್ಟಿಯೊಂದನ್ನು ನಾನು ಇಳಿಬಿಟ್ಟಿದ್ದೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನನಗೆ ಬಿಡುವಾಗುವುದು ರಾತ್ರಿ ಹತ್ತರ ಮೇಲೆ. ಮೇಲಿನ ಮನೆಯ ಅಜ್ಜಿ ಮಲಗುವುದು ಒಂಬತ್ತಕ್ಕೆ. ಬರ್ಲಿನ್ನಿನ ಪಿಯಾನೋ ವಾದಕ ನಿಲ್ಸ್ ಫ್ರಾಮ್ ಇಂಥದೇ ಪೇಚಿಗೆ ಕಂಡುಕೊಂಡ ಉಪಾಯ ನನಗೂ ದಾರಿಯಾಯಿತು. ನೆರೆಯವರ ನಿದ್ದೆ ಕೆಡದಿರಲೆಂದು ಅವರು ತಂತಿಗಳ ಮುಂದೆ ಫೆಲ್ಟ್, ಅಂದರೆ ಒತ್ತಿ ಗಟ್ಟಿಮಾಡಿದ ಉಣ್ಣೆಯ ಬಟ್ಟೆ, ಹಾಕಿ, ಮೈಕನ್ನು ಪಿಯಾನೋದ ಒಳಗೇ ಇಟ್ಟು ನುಡಿಸಿದರು; 2011ರಲ್ಲಿ ಬಂದ ಆ ಆಲ್ಬಮ್ಮಿನ ಹೆಸರೂ 'ಫೆಲ್ಟ್'. ತಂತಿಗಳ ನಡುವೆ ಬೋಲ್ಟು, ರಬ್ಬರು ಸಿಕ್ಕಿಸುವ ಕೆಲಸವನ್ನು ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಎಷ್ಟೋ ದಶಕಗಳ ಹಿಂದೆಯೇ ಮಾಡಿದ್ದರು. ಆದರೆ ಅವರಿಗೆ ಪಿಯಾನೋ ಒಂದು ತಾಳವಾದ್ಯ ಮೇಳವಾಗಬೇಕಿತ್ತು. ನನಗೆ ಬೇಕಿದ್ದದ್ದು ಪಿಸುಮಾತು.

ತಂತಿಗಳು ನೆಟ್ಟಗೆ ನಿಂತ ಕೆಲವು ಅಪ್‌ರೈಟ್ ಪಿಯಾನೋಗಳಲ್ಲಿ ನಡುವಿನ ಪೆಡಲ್ ಒತ್ತಿದರೆ ಫೆಲ್ಟ್ ಪಟ್ಟಿ ತಾನೇ ಇಳಿಯುತ್ತದೆ. ನನ್ನದಕ್ಕೆ ಎರಡೇ ಪೆಡಲು. ಅದಕ್ಕೇ ಕಂಬಳಿ. ಒಂದೇ ರಾತ್ರಿಯಲ್ಲಿ ಅದರ ಬಣ್ಣ ಬಯಲಾಯಿತು. ಸುತ್ತಿಗೆ ತಂತಿಯನ್ನು ಮುಟ್ಟಲು ಎರಡು ಮೂರು ಮಿಲಿಮೀಟರು ಇರುವಾಗ ಕೀಯ ಹಿಡಿತದಿಂದ ಬಿಡಿಸಿಕೊಂಡು, ಉಳಿದಷ್ಟನ್ನು ಹಾರಿ ಹೊಡೆಯಬೇಕು. ನನ್ನ ಕಂಬಳಿಯೇ ಅಷ್ಟು ದಪ್ಪವಿತ್ತು. ಬಿಡಿಸಿಕೊಳ್ಳುವ ಮೊದಲೇ ಸುತ್ತಿಗೆ ಹೋಗಿ ಅದಕ್ಕೆ ಒತ್ತಿ ನಿಲ್ಲುತ್ತಿತ್ತು. ಮೆಲ್ಲಗೆ ನುಡಿಸಿದಷ್ಟೂ ಸ್ವರ ಕಾಣೆ. ಜೋರಾಗಿ ನುಡಿಸಿದರೆ ಹಾಸಿಗೆ ಬಡಿದ ಸದ್ದು. ಕರಕುಶಲ ಸಾಮಗ್ರಿಯ ಅಂಗಡಿಯಿಂದ ತಂದ ಕೃತಕ ಫೆಲ್ಟ್ ತೆಳುವಾಗಿತ್ತು, ನಿಜ. ಆದರೆ ಪ್ರತಿ ಸ್ವರದ ಜೊತೆಗೂ ಪ್ಲಾಸ್ಟಿಕ್ ಡಬ್ಬಿ ತಟ್ಟಿದಂಥ ಟಕ್ ಟಕ್. ಕೊನೆಗೆ ಟ್ಯೂನರೇ ರಿಪೇರಿಯಲ್ಲಿ ಉಳಿದ ಉಣ್ಣೆಯ ಫೆಲ್ಟ್ ತಂದುಕೊಟ್ಟರು, ಒಂದು ಮಿಲಿಮೀಟರಿನಷ್ಟು ತೆಳುವಾದದ್ದು. ನಾಲ್ಕು ಅಡಿ ಉದ್ದದ ಮರದ ಪಟ್ಟಿಗೆ ಅದನ್ನು ಪಿನ್ನಿನಿಂದ ಚುಚ್ಚಿ ನೇತುಹಾಕಿದೆ. ತಾರ ಸ್ಥಾಯಿಯ ತುದಿಯ ಸ್ವರಗಳು ಅದಕ್ಕೂ ಉಸಿರುಗಟ್ಟುತ್ತಿದ್ದವು. ಅಲ್ಲಿನ ಸುತ್ತಿಗೆಗಳು ಚಿಕ್ಕವು, ತಂತಿಗಳು ಗಿಡ್ಡ. ಅಷ್ಟು ಭಾಗವನ್ನು ಕತ್ತರಿಸಿ ತೆಗೆದೆ.

ಮೈಕುಗಳನ್ನು ಸುತ್ತಿಗೆಗಳಿಗೆ ಗೇಣು ದೂರದಲ್ಲಿಟ್ಟು ಹೆಡ್‌ಫೋನ್ ಹಾಕಿಕೊಂಡಾಗ ಬೆಚ್ಚಿದೆ. ಸದ್ದು ಸಣ್ಣದಾದ್ದರಿಂದ ಮೈಕಿನ ಮಟ್ಟ ಏರಿಸಲೇಬೇಕು. ಏರಿಸಿದರೆ ಪಿಯಾನೋದ ಸಂಸಾರವೆಲ್ಲ ಕೇಳಿಸುತ್ತದೆ. ಪೆಡಲ್ ಬಿಟ್ಟಾಗ ತಂತಿಯ ನಾದ ಆರಿಸುವ ಡ್ಯಾಂಪರುಗಳೆಲ್ಲ ಒಟ್ಟಿಗೆ ಕೂರುವ ಧಪ್, ಕೀ ಮೇಲೇಳುವಾಗ ಮರ ಮರಕ್ಕೆ ತಾಗುವ ಸದ್ದು, ನನ್ನದೇ ಉಸಿರು. ಫ್ಯಾನು, ಫ್ರಿಜ್ಜು ಆರಿಸಿ ಬೆವರುತ್ತಾ ಕೂತೆ. (ಒಮ್ಮೆ ಫ್ರಿಜ್ ಹಾಕಲು ಮರೆತು ಎರಡು ಲೀಟರ್ ಹಾಲು ಒಡೆಯಿತು.)

ನುಡಿಸುವ ರೀತಿಯೂ ಬದಲಾಯಿತು. ಕಲಿಸಿದ ಮೇಡಂ ಇಪ್ಪತ್ತು ವರ್ಷ ತಿದ್ದಿದ ಏರಿಳಿತಕ್ಕೆ ಇಲ್ಲಿ ಜಾಗವೇ ಇಲ್ಲ. ಜೋರು ಮೆಲುವಿನ ನಡುವಿನ ಅಂತರ ಬೆರಳಷ್ಟು. ಎಡಗೈ ನಾಲ್ಕು ಸ್ವರಗಳನ್ನು ಸುತ್ತುತ್ತಿರಲಿ, ಬಲಗೈ ಕಾಯಲಿ ಎಂದು ಶುರುಮಾಡಿದೆ. ಒಂದು ಸ್ವರ ಪೂರ್ತಿ ಆರುವವರೆಗೆ ಇನ್ನೊಂದಕ್ಕೆ ಕೈ ಹಾಕದಿರುವುದು ವೇಗದ ಸ್ಕೇಲುಗಳಿಗಿಂತ ಕಷ್ಟವೆನಿಸಿತು.

ಆದರೆ ಈ ಫೆಲ್ಟಿನಲ್ಲಿ ಒಂದು ಮೋಸವಿದೆ. ಇದರ ಕೆಳಗೆ ಯಾವ ಮೂರು ಸ್ವರ ಒತ್ತಿದರೂ ಮಳೆಗಾಲದ ಸಂಜೆಯಂತೆ ಕೇಳಿಸುತ್ತದೆ, ಎಂಥ ಬಡಕಲು ರಚನೆಯೂ ಆಳವಾಗಿದ್ದಂತೆ ತೋರುತ್ತದೆ. ಇಂದು 'ಫೆಲ್ಟ್ ಪಿಯಾನೋ' ಎಂಬ ಹೆಸರಿನಲ್ಲಿ ಹರಿದುಬರುವ ಎಷ್ಟೋ ಸಂಗೀತ ನನಗೆ ಬೇಸರ ತರಿಸುವುದೂ ಇದಕ್ಕೇ. ನನ್ನದೂ ಅದೇ ಸಾಲಿನದೇ ಎಂಬ ಅನುಮಾನ ಬಂದು, ಒಂದು ಭಾನುವಾರ ಮಧ್ಯಾಹ್ನ ಪಟ್ಟಿ ತೆಗೆದಿಟ್ಟು, ರೆಕಾರ್ಡ್ ಮಾಡಿದ್ದ ಹನ್ನೊಂದು ರಚನೆಗಳನ್ನೂ ಬರಿಯ ತಂತಿಯ ಮೇಲೆ ನುಡಿಸಿದೆ. ಉಳಿದದ್ದು ಮೂರು.