ಏರು ಬರುವ ಮೊದಲೇ ಗೇರ್ ಇಳಿಸಿ

ಮಿಡ್-ಡ್ರೈವ್ ಇ-ಬೈಕ್ (ಎಲೆಕ್ಟ್ರಿಕ್ ಸೈಕಲ್) ಓಡಿಸುವವರಿಗೆ ಒಂದು ಸಲಹೆ. ಏರು ಕಂಡ ಕೂಡಲೇ ಬೆರಳು ಮೋಟಾರ್ ನೆರವು ಹೆಚ್ಚಿಸುವ ಅಸಿಸ್ಟ್ ಬಟನ್‌ಗೆ ಹೋಗುತ್ತದೆ, ಅಲ್ವಾ? ಮೊದಲು ಗೇರ್ ಇಳಿಸಿ. ಮಿಡ್-ಡ್ರೈವ್‌ನಲ್ಲಿ ಮೋಟಾರ್ ಇರುವುದು ಪೆಡಲ್ ಹತ್ತಿರ. ಅದರ ಬಲವೂ ನಿಮ್ಮ ಕಾಲಿನ ಬಲದ ಹಾಗೆ ಚೈನ್ ಮೂಲಕವೇ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಭಾರದ ಗೇರ್‌ನಲ್ಲಿ ನಿಧಾನಕ್ಕೆ ತುಳಿದರೆ ಮೋಟಾರ್ ಸುಮ್ನೆ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಪೆಡಲ್ ನಿಮಿಷಕ್ಕೆ 70–80 ಸುತ್ತು ತಿರುಗುತ್ತಿದ್ದರೆ ಒಳ್ಳೆಯದು. ಆಗಲೂ ಕಾಲು ಭಾರ ಅನಿಸಿದರೆ ಅಸಿಸ್ಟ್ ಒಂದೇ ಹಂತ ಏರಿಸಿ. ಸಮತಟ್ಟು ರಸ್ತೆಗೆ ಕಡಿಮೆ ಹಂತ ಸಾಕು.

ಇನ್ನೊಂದು: ಗೇರ್ ಬದಲಿಸುವಾಗ ಪೆಡಲ್ ತಿರುಗುತ್ತಿರಲಿ, ಆದರೆ ಒತ್ತಡ ಅರೆಕ್ಷಣ ಹಗುರ ಮಾಡಿ. ನಾನು ಇದನ್ನು ಕಲಿತದ್ದು ಏರಿನ ನಡುವೆ ‘ಟಕ್’ ಅಂತ ಚೈನ್ ತುಂಡಾದ ಮೇಲೆ!