ಜಿರಳೆ ಮದ್ದು ಕೆಲಸ ಮಾಡ್ತಿದೆಯಾ? ಮರಿ ಎಣಿಸಿ ನೋಡಿ

ಮದ್ದು ಹಚ್ಚಿದ ಮಾರನೆಯ ದಿನ ಎಲ್ಲರೂ ಹುಡುಕುವುದು ಸತ್ತ ಜಿರಳೆಗಳನ್ನೇ. ಬೆಳವಣಿಗೆ ತಡೆಯುವ ಮದ್ದಿಗೆ ಈ ಲೆಕ್ಕ ನಡೆಯುವುದಿಲ್ಲ. ಬೆಳೆದ ಜಿರಳೆ ಅದನ್ನು ತಿಂದೂ ಆರಾಮಾಗಿ ಓಡಾಡುತ್ತದೆ. ಪೆಟ್ಟು ಬೀಳುವುದು ಮರಿಗಳಿಗೆ. ಹೈಡ್ರೊಪ್ರಿನ್, ಪೈರಿಪ್ರಾಕ್ಸಿಫೆನ್ ಎಂಬ ಮದ್ದು ಮೈಗೆ ಸೇರಿದ ಮರಿಗಳು ಬೆಳೆದಾಗ ರೆಕ್ಕೆ ಸೊಟ್ಟಗಾಗಿ ಬಂಜೆಯಾಗುತ್ತವೆ. ಲೂಫೆನುರಾನ್ ತಿಂದವು ಪೊರೆ ಕಳಚುವಾಗ ಸಾಯುತ್ತವೆ. ಪೊಟ್ಟಣದ ಮೇಲೆ ಯಾವ ಹೆಸರಿದೆ ಎಂದು ಮೊದಲು ಓದಿ.

ಆಮೇಲೆ ಜಿರಳೆ ಯಾವುದು ನೋಡಿ. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇದ್ದರೆ ಅದು ಜರ್ಮನ್ ಜಿರಳೆ. ಪರೀಕ್ಷೆಗೆ ಇದೇ ಸರಿ. ಇದರ ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ. ಚರಂಡಿಯಿಂದ ಬರುವ ದೊಡ್ಡ ಜಿರಳೆಯನ್ನು ಲೆಕ್ಕಕ್ಕೆ ಸೇರಿಸಬೇಡಿ.

ಮದ್ದಿಗಿಂತ ಮೊದಲು ಅಂಟುಬಲೆ ಇಡಿ. ಸಿಂಕ್ ಕೆಳಗೆ, ಫ್ರಿಜ್ ಹಿಂದೆ, ಸಿಲಿಂಡರ್ ಪಕ್ಕ, ಗೋಡೆಗೆ ಒತ್ತಿಕೊಂಡಂತೆ. ಜಿರಳೆ ನೆಲದ ನಡುವಿಗಿಂತ ಗೋಡೆಯ ಅಂಚಿನಲ್ಲೇ ಜಾಸ್ತಿ ಓಡಾಡುತ್ತದೆ. ಮೂರು ರಾತ್ರಿ ಬಿಟ್ಟು ದೊಡ್ಡವು, ಮರಿ ಬೇರೆ ಬೇರೆ ಎಣಿಸಿ ಬರೆದಿಡಿ.

ಮದ್ದು ಹಾಕದ ಇನ್ನೊಂದು ಮನೆಯಲ್ಲೂ ಹೀಗೇ ಎಣಿಸಬೇಕು. ಇದನ್ನು ಬಿಟ್ಟರೆ ಪರೀಕ್ಷೆಯೇ ಅಲ್ಲ. ಮೈಸೂರಿನ ಡಿಸೆಂಬರ್ ಚಳಿಗೆ ಜಿರಳೆಗಳು ತಾವಾಗಿಯೇ ಮಂಕಾಗಬಹುದು, ಅದರ ಪುಣ್ಯ ಮದ್ದಿಗೆ ಹೋಗಬಾರದು ಅಲ್ವಾ? ವಠಾರದ ಪಕ್ಕದ ಮನೆ ಮಾತ್ರ ಬೇಡ. ಪೈಪಿನ ಸಂದಿಯಲ್ಲಿ ಜಿರಳೆಗಳು ಆಚೀಚೆ ಹೋಗಿಬರುತ್ತವೆ. ಬೇರೆ ಬೀದಿಯ ನೆಂಟರ ಮನೆ ಒಳ್ಳೆಯದು.

ಈಗ ಮದ್ದು. ಒಂದೇ ಕಡೆ ಗುಡ್ಡೆ ಹಾಕುವ ಬದಲು ಸಂದಿಗಳಲ್ಲಿ ಚಿಕ್ಕ ಚಿಕ್ಕ ಚುಕ್ಕೆ ಇಡಿ, ಮಕ್ಕಳ ಕೈಗೆ, ನಾಯಿಯ ಬಾಯಿಗೆ ಎಟುಕಬಾರದು. ಅಲ್ಲಿ ಸ್ಪ್ರೇ ಹೊಡೆಯಬೇಡಿ, ವಾಸನೆಗೆ ಜಿರಳೆ ಮದ್ದಿನ ಹತ್ತಿರ ಸುಳಿಯುವುದಿಲ್ಲ. ಮುದ್ದೆಯ ಪಾತ್ರೆಯನ್ನು ರಾತ್ರಿಯಿಡೀ ಸಿಂಕಿನಲ್ಲಿ ನೆನೆಹಾಕುವ ಅಭ್ಯಾಸವನ್ನೂ ಬಿಡಬೇಕು. ಪಾತ್ರೆಯ ತಳದಲ್ಲೇ ಊಟ ಸಿಕ್ಕರೆ ಮದ್ದನ್ನು ಯಾರು ತಿನ್ನುತ್ತಾರೆ? ಮಂಡ್ಯದ ಏಪ್ರಿಲ್ ಸೆಕೆಗೆ ಜೆಲ್ ಒಣಗುತ್ತದೆ. ಒಣಗಿದ್ದನ್ನು ಕೆರೆದು ಹೊಸದು ಹಚ್ಚಿ.

ಎರಡು ವಾರಕ್ಕೊಮ್ಮೆ ಅದೇ ಜಾಗ, ಅದೇ ಮೂರು ರಾತ್ರಿ. ಕನಿಷ್ಠ ಮೂರು ತಿಂಗಳು. ಮರಿ ಬೆಳೆದು ದೊಡ್ಡದಾಗಲು ಎರಡು ಮೂರು ತಿಂಗಳು ಬೇಕು, ಹಾಗಾಗಿ ಮೊದಲ ತಿಂಗಳ ಲೆಕ್ಕ ನೋಡಿ ಬೇಜಾರಾಗಬೇಡಿ. ಹೈಡ್ರೊಪ್ರಿನ್ ಥರದ ಮದ್ದಾದರೆ ಬಲೆಯಲ್ಲಿ ಸೊಟ್ಟ ರೆಕ್ಕೆಯವು ಸಿಗತೊಡಗುವುದೇ ಮೊದಲ ಗುರುತು. ಆಮೇಲೆ ನಿಮ್ಮ ಮನೆಯಲ್ಲಿ ಮರಿ ಇಳಿದು, ನೆಂಟರ ಮನೆಯಲ್ಲಿ ಹಾಗೇ ಇದ್ದರೆ ಮದ್ದು ನಾಟಿದೆ. ಎರಡೂ ಕಡೆ ಒಂದೇ ಥರ ಇಳಿದಿದ್ದರೆ ಅದು ಹವೆಯ ಕೆಲಸ, ಬೇರೆ ಕಾಲದಲ್ಲಿ ಮತ್ತೆ ಎಣಿಸಿ.